ಒಂದು ಪುಟಕ್ಕೆ ನಿಂತ ಹೇಳಿಕೆಗಳು

ಪುತ್ತೂರಿನ ದರ್ಬೆಯಲ್ಲಿ ಬಟ್ಟೆಯಂಗಡಿಯೊಂದರ ಮೇಲಿನ ಕೋಣೆ ನನ್ನ ಕಚೇರಿ. ಹಳೆಯ ಕಂಪ್ಯೂಟರುಗಳಲ್ಲಿ ಸಿಕ್ಕಿಹಾಕಿಕೊಂಡಿರುವ ದಾಖಲೆಗಳನ್ನು ಹೊಸ ವ್ಯವಸ್ಥೆಗೆ ದಾಟಿಸಿ ಕೊಡುವುದು ನನ್ನ ಕೆಲಸ. ಹಾಲಿನ ಸೊಸೈಟಿ, ಔಷಧದಂಗಡಿ, ಶಾಲೆ, ಕ್ಲಿನಿಕ್, ಯಾರು ಕರೆದರೂ ಹೋಗುತ್ತೇನೆ. ಹೆಚ್ಚಿನ ಕಡೆ ಇರುವುದು ಅಂಕಿಗಳು, ವಿಳಾಸಗಳು. ಅವು ಎತ್ತಿ ಇಟ್ಟಲ್ಲಿ ಕೂರುತ್ತವೆ. ಉದ್ದದ ಬರಹ ಇದ್ದ ಕಡೆ ಮಾತ್ರ ಕೆಲಸ ಕಷ್ಟ. ಅದು ಎಷ್ಟು ಉದ್ದ ಎಂದು ಬರೆದವರಿಗೂ ಸರಿಯಾಗಿ ಗೊತ್ತಿರುವುದಿಲ್ಲ.

ಸುಳ್ಯದಲ್ಲಿ ಒಂದು ಟ್ರಸ್ಟ್ ನಡೆಸುವ ಕುಟುಂಬ ಸಲಹಾ ಕೇಂದ್ರದಿಂದ ನನಗೆ ಕರೆ ಬಂದದ್ದು ಸೆಕೆ ಶುರುವಾಗುವ ಹೊತ್ತಿಗೆ. ಅಲ್ಲಿ ಸಲಹೆ ಕೊಡುವವರು ಒಬ್ಬರೇ. ಹೈಸ್ಕೂಲಿನಲ್ಲಿ ಹಿಂದಿ ಕಲಿಸಿ ನಿವೃತ್ತರಾದ ಕಡಬದ ಕಡೆಯ ಹೆಂಗಸು. ಊರಿಗೆಲ್ಲ ಅವರು ಟೀಚರ್, ನನಗೂ ಟೀಚರ್. ಗಂಡನ ಮನೆಯಲ್ಲಿ ಕಷ್ಟವಾದವರು, ಮನೆ ಬಿಟ್ಟು ಬಂದವರು, ಬಿಡಬೇಕೋ ಬೇಡವೋ ಎಂದು ತಿಳಿಯದವರು ಅವರ ಎದುರು ಕೂತು ಮಾತಾಡುತ್ತಾರೆ. ಟೀಚರ್ ಪರದೆಯ ಕಡೆ ನೋಡದೆ ಅವರ ಮುಖವನ್ನೇ ನೋಡುತ್ತಾ ಟೈಪ್ ಮಾಡುತ್ತಾರೆ. ಬಂದವರು ತುಳುವಿನಲ್ಲಿ ಹೇಳಿದರೆ ತುಳುವಿನಲ್ಲೇ, ಅರೆಭಾಷೆಯಲ್ಲಿ ಹೇಳಿದರೆ ಅರೆಭಾಷೆಯಲ್ಲೇ, ಬ್ಯಾರಿಯಲ್ಲಿ ಹೇಳಿದರೆ ಹಾಗೆಯೇ, ಎಲ್ಲವೂ ಕನ್ನಡ ಅಕ್ಷರದಲ್ಲಿ. ತಮ್ಮದೊಂದು ಮಾತನ್ನೂ ಸೇರಿಸುವುದಿಲ್ಲ. ಹೀಗೆ ವರ್ಷಗಟ್ಟಲೆ ಬರೆದದ್ದೆಲ್ಲ ಒಂದು ಹಳೆಯ ಕಂಪ್ಯೂಟರಿನಲ್ಲಿ ಇತ್ತು. ಆ ತಂತ್ರಾಂಶವನ್ನು ಹಿಂದೆ ಯಾರೋ ಕಾಲೇಜು ಮೇಷ್ಟ್ರು ಬಿಡುವಿನಲ್ಲಿ ಮಾಡಿಕೊಟ್ಟದ್ದಂತೆ. ಅವರು ಪುಣ್ಯಾತ್ಮರು, ಹೇಳಿಕೆಯ ಕಾಲಮ್ಮಿಗೆ ಎಷ್ಟು ಬರೆದರೂ ಹಿಡಿಸುವ ಬಗೆಯನ್ನೇ ಇಟ್ಟಿದ್ದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಡೇಟಾಬೇಸಿನಲ್ಲಿ ಒಂದೊಂದು ಕಾಲಮ್ಮಿಗೂ ಅದರಲ್ಲಿ ಏನು ತುಂಬುತ್ತೇವೆ ಎಂದು ಮೊದಲೇ ತಿಳಿಸಬೇಕು. ಅಂಕಿಗೆ ಒಂದು ಬಗೆ, ತಾರೀಕಿಗೆ ಒಂದು, ಬರಹಕ್ಕೆ ಒಂದು. ಬರಹದಲ್ಲೂ ಇಷ್ಟೇ ಎಂದು ಮಿತಿ ಇರುವುದು ಬೇರೆ, ಪುಸ್ತಕದಷ್ಟು ತುಂಬಿದರೂ ತಾಳುವುದು ಬೇರೆ. ಮಿತಿ ಇರುವುದು ಚುರುಕು, ಹುಡುಕಲು ಸುಲಭ. ಅದಕ್ಕೇ ಎಲ್ಲರಿಗೂ ಅದರ ಮೇಲೆ ಮನಸ್ಸು. ಆದರೆ ಕೆಲವು ಕಡೆ ಆ ಮಿತಿಯನ್ನು ಲೆಕ್ಕ ಹಾಕುವುದು ಅಕ್ಷರದಲ್ಲಿ ಅಲ್ಲ, ಬೈಟಿನಲ್ಲಿ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಅಕ್ಷರಕ್ಕೆ ಮೂರು ಬೇಕು, ಅದರ ಗುಣಿತಕ್ಕೆ ಮತ್ತೆ ಮೂರು, ಒತ್ತಿಗೆ ಇನ್ನೂ ಹೆಚ್ಚು. ‘ಸ್ತ್ರೀ’ ಎಂದು ಬರೆಯಲು ಹದಿನೆಂಟು ಬೈಟ್ ಹೋಗುತ್ತದೆ. ಟೀಚರ್ ಬರೆದದ್ದು ಹಳೆಯ ಕಾಲದ ಫಾಂಟಿನಲ್ಲಿ. ಅದರಲ್ಲಿ ಇಷ್ಟು ಜಾಗ ಬೇಕಿರಲಿಲ್ಲ. ಈಗಿನ ಯುನಿಕೋಡಿಗೆ ತಿರುಗಿಸಿದ ಕೂಡಲೇ ಅದೇ ಮಾತು ಎರಡು ಪಟ್ಟಿಗಿಂತ ಹೆಚ್ಚು ಉಬ್ಬಿಕೊಳ್ಳುತ್ತದೆ.

ಮೊದಲ ಸಭೆಯಲ್ಲಿ ನಾನು ಇದನ್ನು ಟ್ರಸ್ಟಿನ ಅಧ್ಯಕ್ಷರಿಗೆ ವಿವರಿಸಿದೆ. ಅವರು ರಬ್ಬರ್ ವ್ಯಾಪಾರಸ್ಥರು, ಕೇಂದ್ರಕ್ಕೆ ಸ್ವಂತ ಕಟ್ಟಡವನ್ನೇ ಬಿಟ್ಟುಕೊಟ್ಟವರು, ಮೃದು ಮಾತಿನವರು. ಎಲ್ಲ ಕೇಳಿ, ಇಷ್ಟುದ್ದದ್ದನ್ನು ಮುಂದೆ ಓದುವವರಾದರೂ ಯಾರು ಎಂದರು. ಸಾರಾಂಶ ಇದ್ದರೆ ಸಾಲದೇ, ನಾಲ್ಕು ಸಾವಿರ ಅಕ್ಷರಕ್ಕೆ ನಿಲ್ಲಿಸಿಬಿಡಿ ಎಂದರು. ನಾನು ಉತ್ತರ ಕೊಡುವ ಮೊದಲೇ ಟೀಚರ್ ಮಾತಾಡಿದರು.

“ಇಲ್ಲಿಗೆ ಬಂದವರು ಯಾರೂ ವಿಷಯವನ್ನು ಮೊದಲೇ ಹೇಳುದಿಲ್ಲ ಸರ್. ಮೊದಲು ಗಂಡ ಒಳ್ಳೆಯವರು ಅಂತ ಹೇಳ್ತಾರೆ. ಅತ್ತೆ ಒಳ್ಳೆಯವರು ಅಂತ ಹೇಳ್ತಾರೆ. ತಪ್ಪು ನನ್ನದೇ, ನನ್ನ ಬಾಯಿ ಜೋರು ಅಂತ ಹೇಳ್ತಾರೆ. ಅದು ಸುಳ್ಳಲ್ಲ. ಆದ್ರೆ ವಿಷಯ ಬರುದು ಮತ್ತೆ, ಕೂತು ಕೂತು ಬಚ್ಚಿ ಸುಸ್ತಾದ ಮೇಲೆ.”

ಹಾಗಾದರೆ ಉದ್ದದ್ದೇ ಇರಲಿ ಎಂದು ಅಧ್ಯಕ್ಷರು ಒಪ್ಪಿದರು.

ಎಷ್ಟು ಉದ್ದ ಎಂದು ತಿಳಿಯಬೇಕಿತ್ತು. ನಾನು ಹೇಳಿಕೆಗಳನ್ನು ಓದದೆ ಅವುಗಳ ಅಳತೆ ಮಾತ್ರ ತೆಗೆದೆ. ಒಂದು ಬದಿಗೆ ದಾಖಲೆಯ ಸಂಖ್ಯೆ, ಇನ್ನೊಂದು ಬದಿಗೆ ಉದ್ದ, ಅಷ್ಟೇ. ಅಚ್ಚಾದರೆ ಇಪ್ಪತ್ತು, ಮೂವತ್ತು ಪುಟ ಆಗುವಂಥವು ಹಲವು ಇದ್ದವು. ಫಾಂಟ್ ತಿರುಗಿಸಿದಾಗ ಒತ್ತಕ್ಷರ ಸರಿಯಾಗಿ ಬಂದಿದೆಯೇ ಎಂದು ನೋಡಲು ಕೆಲವನ್ನಾದರೂ ಓದಲೇಬೇಕಾಗುತ್ತದೆ. ಟೀಚರ್ ಅದಕ್ಕೆ ಒಪ್ಪಲಿಲ್ಲ. ಬದಲಿಗೆ ಅದೇ ಹಳೆಯ ಫಾಂಟಿನಲ್ಲಿ ತಾವೇ ಒಂದಷ್ಟು ಪುಟ ಹೊಡೆದು ಕೊಟ್ಟರು. ಹಲಸಿನ ಹಪ್ಪಳ ಮಾಡುವ ಕ್ರಮ ಅರೆಭಾಷೆಯಲ್ಲಿ, ಕಡಬದಲ್ಲಿ ತಾವು ಶಾಲೆಗೆ ನಡೆದು ಹೋಗುತ್ತಿದ್ದ ದಾರಿ ತುಳುವಿನಲ್ಲಿ, ಬ್ಯಾರಿಯಲ್ಲಿ ಒಂದು ಮದುವೆಯ ಊಟ. ಅದನ್ನೇ ಓದಿ ಓದಿ ನಾನು ತಪ್ಪುಗಳನ್ನು ತಿದ್ದಿದೆ. ನಾನು ಮರ್ಕಂಜದವಳು, ಮನೆಮಾತು ಅರೆಭಾಷೆ. ಕೆಲಸದ ನಡುವೆ ಪರದೆಯ ಮೇಲೆ ನನ್ನ ಮನೆಯ ಮಾತು ಕಂಡು ಖುಷಿಯಾದದ್ದು ನೆನಪಿದೆ. ಆ ಕೆಲಸದಲ್ಲಿ ಖುಷಿಯಾದದ್ದು ಅದೊಂದೇ.

ಅಧ್ಯಕ್ಷರು ಕೆಲಸವನ್ನು ಎರಡು ಪಾಲು ಮಾಡಿದ್ದರು. ಹಳೆಯದನ್ನು ಹೊರತೆಗೆದು, ತಿರುಗಿಸಿ, ಯಾವ ಕಾಲಮ್ಮಿಗೆ ಯಾವ ಬಗೆ ಎಂದು ಬರೆದು ಕೊಡುವುದು ನನ್ನ ಪಾಲು. ಇಂಟರ್ನೆಟ್ಟಿನಲ್ಲಿ ಜಾಗ ಮಾಡಿ, ಅದನ್ನೆಲ್ಲ ತುಂಬಿಸಿ, ಕೇಂದ್ರದವರು ಬಳಸುವ ಹಾಗೆ ಮಾಡುವುದು ಅಧ್ಯಕ್ಷರ ಪರಿಚಯದ ಮಂಗಳೂರಿನ ಒಬ್ಬ ಯುವಕನ ಪಾಲು. ಹೇಳಿಕೆಯ ಕಾಲಂ ದೀರ್ಘ ಬರಹದ ಬಗೆಯೇ ಆಗಬೇಕು ಎಂದು ನಾನು ಬರೆದು ಕಳಿಸಿದೆ, ಫೋನಿನಲ್ಲೂ ಹೇಳಿದೆ. ಆತ ಆಯ್ತು ಮೇಡಂ ಎಂದ.

ಹೊಸ ಜಾಗಕ್ಕೆ ತುಂಬಿಸಿ ಆಯಿತೆಂದೂ ದಾಖಲೆಗಳ ಸಂಖ್ಯೆ ಸರಿಹೊಂದುತ್ತದೆಂದೂ ಆತನಿಂದ ಸುದ್ದಿ ಬಂತು. ಸಂಖ್ಯೆ ಸರಿಹೊಂದಿದರೆ ಸಾಲದು, ಉದ್ದವನ್ನೂ ತಾಳೆ ನೋಡಬೇಕು, ನನಗೆ ಒಳಗೆ ಹೋಗಲು ಪಾಸ್‌ವರ್ಡ್ ಕೊಡಿ ಎಂದು ಅಧ್ಯಕ್ಷರಲ್ಲಿ ಕೇಳಿದೆ. ಉದ್ಘಾಟನೆ ಹತ್ತಿರ ಬಂದಿದೆ, ಅದೊಂದು ಮುಗಿಯಲಿ, ಆಮೇಲೆ ನಿಧಾನವಾಗಿ ನೋಡುವ ಎಂದರು.

ಆ ನಡುವೆ ಒಂದು ಮಧ್ಯಾಹ್ನ ನನ್ನ ಕಚೇರಿಗೆ ಒಬ್ಬ ಗಂಡಸು ಬಂದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಐವತ್ತರ ಹತ್ತಿರದ ಪ್ರಾಯ. ಕೆಳಗಿನ ಅಂಗಡಿಯಲ್ಲಿ ಕೇಳಿಕೊಂಡು ಬಂದೆ ಎಂದ. ಕುರ್ಚಿ ಎಳೆದುಕೊಂಡು ಕೂತು ಸೆಕೆಯ ಬಗ್ಗೆ ಮಾತಾಡಿದ, ನನ್ನ ಊರು ಕೇಳಿದ. ಮತ್ತೆ ಕಂಪ್ಯೂಟರಿನ ಕಡೆ ನೋಡುತ್ತಾ ಕೇಳಿದ.

“ಸುಳ್ಯದ ಆ ಹೆಂಗಸರ ಕೇಂದ್ರದ್ದೆಲ್ಲ ಈಗ ನಿಮ್ಮಲ್ಲಿ ಉಂಟಂತೆ. ನಮ್ಮ ಮನೆಯದ್ದೂ ಉಂಟಾ?”

ಅದು ನನಗೆ ಗೊತ್ತಿಲ್ಲ, ನಾನು ಓದುವುದಿಲ್ಲ ಎಂದೆ. ಆತ ನಕ್ಕ. ಓದದೆ ಕೆಲಸ ಹೇಗೆ ಮಾಡುದು ಎಂದು ಕೇಳಿದ. ಗದರಿಸಲಿಲ್ಲ, ಸ್ವರ ಎತ್ತರಿಸಲಿಲ್ಲ. ಬಾಗಿಲಿಗೆ ಬೀಗ ಎಂತದ್ದು ಎಂದು ನೋಡಿ, ಬರ್ತೇನೆ ಎಂದು ಇಳಿದು ಹೋದ. ಅವನು ಯಾರು, ಯಾರ ಗಂಡ ಅಥವಾ ಯಾರ ಅಣ್ಣ, ನನಗೆ ಇವತ್ತಿಗೂ ತಿಳಿಯದು.

ನಾನು ಟೀಚರಿಗೆ ಫೋನ್ ಮಾಡಿದೆ. ಮರುದಿನ ಬೆಳಿಗ್ಗೆಯೇ ಅವರು ಪುತ್ತೂರಿಗೆ ಬಂದರು. ನನ್ನ ಪಕ್ಕದಲ್ಲಿ ಕೂತು, ನಿನ್ನಲ್ಲಿರುವುದನ್ನೆಲ್ಲ ಈಗಲೇ ಅಳಿಸು ಎಂದರು. ತಾಳೆ ನೋಡುವ ತನಕ ತಡೆಯುವ ಎಂದು ನಾನು ಹೇಳಿದೆ. ಹಳೆಯ ಕಂಪ್ಯೂಟರಿನಲ್ಲಿ ಮೂಲ ಹೇಗೂ ಇದೆ, ಹೊಸದರಲ್ಲಿ ಬಂದಿದೆ, ಬೀಗ ಮುರಿದರೆ ಹೋಗುವ ಈ ಕೋಣೆಯಲ್ಲಿ ಮೂರನೆಯದು ಯಾಕೆ ಎಂದು ಅವರು ಕೇಳಿದರು. ಅವರು ಹೇಳಿದ್ದರಲ್ಲಿ ನ್ಯಾಯ ಇತ್ತು. ಆ ಹೆಂಗಸರಿಗೆ ಮಾತು ಕೊಟ್ಟವರು ಅವರು. ಅವರ ಕಣ್ಣೆದುರೇ ನಾನು ಎಲ್ಲವನ್ನೂ ಮರಳಿ ತೆಗೆಯಲಾಗದ ಹಾಗೆ ಅಳಿಸಿದೆ. ಅಳತೆಯ ಪಟ್ಟಿಯನ್ನು ತೋರಿಸಿದೆ. ಬರೀ ಅಂಕಿ ಅಲ್ಲವಾ, ಅದು ಇರಲಿ ಎಂದರು. ಅವರನ್ನು ಬಸ್ಸು ಹತ್ತಿಸಿ ಬಂದ ಮೇಲೆ ನನಗೆ ಹಗುರವೇ ಆಗಿತ್ತು. ರಾತ್ರಿ ಒಳ್ಳೆಯ ನಿದ್ದೆ ಬಂತು.

ಉದ್ಘಾಟನೆಗೆ ನಾನು ಹೋಗಲಿಲ್ಲ. ಜ್ವರ ಬಂದು ಮಲಗಿದ್ದೆ. ಅದೇ ವೇದಿಕೆಯಲ್ಲಿ ಅಧ್ಯಕ್ಷರು ಹಳೆಯ ಕಂಪ್ಯೂಟರನ್ನು ಕಡಬದ ಕಡೆಯ ಒಂದು ಶಾಲೆಗೆ ದಾನವಾಗಿ ಕೊಟ್ಟರಂತೆ. ಟೀಚರಿಗೆ ಅದು ಗೊತ್ತಾದದ್ದು ಕಾರ್ಯಕ್ರಮ ನಡೆಯುತ್ತಿರುವಾಗಲೇ. ಮಾತಾಡಲು ಎದ್ದರೆ ಸಭೆ ಕೆಡುತ್ತದೆಂದು ಸುಮ್ಮನಿದ್ದರು. ಮುಗಿದ ಮೇಲೆ ವಿಚಾರಿಸಿದಾಗ, ಒಳಗಿನದೆಲ್ಲ ಅಳಿಸಿಯೇ ಕೊಟ್ಟದ್ದು, ಹೆದರಬೇಡಿ ಎಂದು ಅಧ್ಯಕ್ಷರು ಸಮಾಧಾನ ಮಾಡಿದರು. ಟೀಚರಿಗೂ ಆ ಹೊತ್ತಿಗೆ ಅದು ಸಮಾಧಾನವೇ ಆಗಿತ್ತು.

ಮತ್ತೆ ಕೆಲವು ವಾರ ಕಳೆದಿತ್ತು, ನಾನು ಕೇಳಿದ ಪಾಸ್‌ವರ್ಡ್ ಇನ್ನೂ ಬಂದಿರಲಿಲ್ಲ. ಟೀಚರಿನ ಫೋನ್ ಬಂದಾಗ ನಾನು ಉಪ್ಪಿನಂಗಡಿಯ ಒಂದು ಅಂಗಡಿಯಲ್ಲಿದ್ದೆ. ಈ ಕೂಡಲೇ ಬರಲಿಕ್ಕೆ ಆಗ್ತದಾ ಎಂದು ಮಾತ್ರ ಕೇಳಿದರು. ಅವರ ಸ್ವರ ಕೇಳಿ ನಾನು ಯಾಕೆ ಎಂದು ಕೇಳಲಿಲ್ಲ.

ನಡೆದದ್ದು ಇಷ್ಟು. ಮಂಡೆಕೋಲಿನ ಒಬ್ಬ ಹೆಂಗಸು, ಜಾಲ್ಸೂರಿನಲ್ಲಿ ಟೈಲರಿಂಗ್ ಮಾಡುವವಳು. ಮಗಳು ಸಣ್ಣವಳಿರುವಾಗಲೇ ಐವರ್ನಾಡಿನ ಗಂಡನ ಮನೆ ಬಿಟ್ಟು ಬಂದಿದ್ದಳು. ಮಗಳು ಈಗ ಪುತ್ತೂರಿನಲ್ಲಿ ಡಿಗ್ರಿ ಓದುತ್ತಿದ್ದಾಳೆ. ತಂದೆ ಕಾಲೇಜಿನ ಹತ್ತಿರ ಬಂದು ಮಗಳನ್ನು ಮಾತಾಡಿಸಲು ಶುರು ಮಾಡಿದ್ದ. ನಾನು ಅಪ್ಪನ ಮನೆಗೆ ಹೋಗಿ ಇರುತ್ತೇನೆ, ಬೇಡವಾದರೆ ನೀನು ಯಾಕೆ ಬಿಟ್ಟದ್ದು ಎಂದು ಹೇಳು ಎಂದು ಹುಡುಗಿ ತಾಯಿಯನ್ನು ಕೇಳಿದಳು. ತಾಯಿಗೆ ಹೇಳಲು ಬಾಯಿ ಬರಲಿಲ್ಲ. ಅವಳು ಟೀಚರಿನಲ್ಲಿಗೆ ಬಂದು, ನಾನು ಅಂದು ಹೇಳಿದ್ದು ನಿಮ್ಮಲ್ಲಿ ಉಂಟಲ್ಲ, ಅದನ್ನು ಮುದ್ರಿಸಿ ಕೊಡಿ, ಅವಳೇ ಓದಲಿ ಎಂದಳು. ಟೀಚರ್ ಬಹಳ ಯೋಚಿಸಿ ಒಪ್ಪಿದರು. ಅದು ಅವಳದ್ದೇ ಮಾತು, ಕೇಳುವ ಹಕ್ಕು ಅವಳಿಗಿದೆ. ಆಫೀಸಿನ ಹುಡುಗಿ ಮುದ್ರಿಸಿ ಲಕೋಟೆಗೆ ಹಾಕಿ ಕೊಟ್ಟಳು. ಟೀಚರ್ ಅದನ್ನು ಬಿಚ್ಚಿ ನೋಡಲಿಲ್ಲ. ತಾಯಿಯೂ ನೋಡಲಿಲ್ಲ. ನೇರ ಮಗಳ ಕೈಗೆ ಹೋಯಿತು.

ಮಗಳು ಓದಿದ್ದು ಒಂದು ಪುಟ. ಅದರಲ್ಲಿ ಅಮ್ಮ ಗಂಡನನ್ನು ಹೊಗಳಿದ್ದಳು. ಮದುವೆಯಾದ ಹೊಸತರಲ್ಲಿ ಎಷ್ಟು ಚೆನ್ನಾಗಿದ್ದೆವು ಎಂದಿದ್ದಳು. ತಪ್ಪು ತನ್ನದೇ, ತನ್ನ ಸಿಟ್ಟೇ ಕಾರಣ ಎಂದಿದ್ದಳು. ಹುಡುಗಿ ಕಾಗದವನ್ನು ತಾಯಿಯ ಹೊಲಿಗೆ ಮೆಷಿನಿನ ಮೇಲೆ ಇಟ್ಟು, ಇಷ್ಟಕ್ಕೆ ನನ್ನನ್ನು ಅಪ್ಪನಿಲ್ಲದೆ ಬೆಳೆಸಿದ್ದಾ ಎಂದು ಕೇಳಿದಳಂತೆ.

ನಾನು ಸುಳ್ಯಕ್ಕೆ ತಲುಪಿದಾಗ ಟೀಚರ್ ಕಂಪ್ಯೂಟರಿನ ಎದುರು ಒಂದೊಂದೇ ದಾಖಲೆ ತೆರೆದು ಮುಚ್ಚುತ್ತಾ ಕೂತಿದ್ದರು. ಅಧ್ಯಕ್ಷರೂ ಬಂದಿದ್ದರು. ಈ ಸಲ ಪಾಸ್‌ವರ್ಡ್ ಕೂಡಲೇ ಸಿಕ್ಕಿತು. ಹೇಳಿಕೆಯ ಕಾಲಮ್ಮಿನ ಬಗೆ ನೋಡಿದೆ. ಮಿತಿ ನಾಲ್ಕು ಸಾವಿರ, ಅದೂ ಬೈಟಿನಲ್ಲಿ. ಉದ್ದಗಳನ್ನು ತೆಗೆದೆ. ಚಿಕ್ಕ ಹೇಳಿಕೆಗಳು ಇದ್ದ ಹಾಗೆ ಇದ್ದವು. ಉಳಿದವೆಲ್ಲ ಕತ್ತಿಯಲ್ಲಿ ಕಡಿದ ಹಾಗೆ ಒಂದೇ ಉದ್ದಕ್ಕೆ ನಿಂತಿದ್ದವು. ಕನ್ನಡದಲ್ಲಿ ಅಷ್ಟು ಎಂದರೆ ಒಂದು ಪುಟವೂ ತುಂಬುವುದಿಲ್ಲ.

ಮಂಗಳೂರಿನ ಯುವಕನಿಗೆ ಸ್ಪೀಕರ್ ಹಾಕಿ ಫೋನ್ ಮಾಡಿದೆವು. ದೀರ್ಘ ಬರಹದ ಬಗೆ ಇಟ್ಟಾಗ ದಾಖಲೆಗಳ ಪಟ್ಟಿ ತೆರೆಯಲು ನಿಧಾನವಾಗುತ್ತಿತ್ತು, ಅಧ್ಯಕ್ಷರು ಮೊದಲು ನನಗೆ ಹೇಳಿದ್ದೂ ನಾಲ್ಕು ಸಾವಿರ ಎಂದು ತಾನೇ, ಅದಕ್ಕೆ ಬದಲಿಸಿದೆ ಎಂದ. ಮಿತಿ ಮೀರಿದರೆ ಡೇಟಾಬೇಸ್ ತುಂಬಿಸಿಕೊಳ್ಳದೆ ತಡೆಯಬೇಕಿತ್ತಲ್ಲ ಎಂದೆ. ಆ ಕಟ್ಟುನಿಟ್ಟನ್ನು ತೆಗೆದು ತುಂಬಿಸಿದ್ದನಂತೆ. ಎಚ್ಚರಿಕೆ ಬಂದಿತ್ತು, ಆದರೆ ತಪ್ಪು ಎಂದು ತೋರಿಸಲಿಲ್ಲ ಎಂದ. ನಾನು ಕಳಿಸಿದ ಕಡತಗಳು ಇವೆಯೇ ಎಂದು ಕೇಳಿದೆ. ಖಾಸಗಿ ವಿಷಯವಾದ್ದರಿಂದ ಕೆಲಸ ಮುಗಿದ ಕೂಡಲೇ ಅಳಿಸಬೇಕೆಂದು ನೀವೇ ಬರೆದಿದ್ದಿರಿ, ಅಳಿಸಿದ್ದೇನೆ ಎಂದ. ಅದು ನಿಜ. ನಾನೇ ಬರೆದಿದ್ದೆ, ಟೀಚರ್ ಹೇಳಿ ಬರೆಸಿದ್ದರು.

ಯಾರೂ ಬೈಯಲಿಲ್ಲ. ಬೈಯುವಂತಿದ್ದರೆ ಸುಲಭವಿತ್ತು. ಅಧ್ಯಕ್ಷರು ಕನ್ನಡಕ ತೆಗೆದು ಒರಸುತ್ತಾ ಕೂತರು. ಶಾಲೆಗೆ ಕೊಟ್ಟದ್ದರಲ್ಲಿ ಏನಾದರೂ ಉಳಿದಿರಬಹುದೇ ಎಂದರು. ಬರೀ ಅಳಿಸಿದ್ದಾದರೆ ಕೆಲವೊಮ್ಮೆ ಮರಳಿ ಸಿಗುತ್ತದೆ ಎಂದೆ. ಆ ಮಾತು ಹೇಳಬಾರದಿತ್ತು ಎಂದು ಆಮೇಲೆ ಅನಿಸಿತು. ಟೀಚರ್ ಅಷ್ಟಕ್ಕೇ ಎದ್ದು ನಿಂತಿದ್ದರು.

ಅಧ್ಯಕ್ಷರೇ ಕಾರಿನಲ್ಲಿ ಬೆಳ್ಳಾರೆ, ಪಂಜ ದಾಟಿ ಆ ಶಾಲೆಗೆ ಕರೆದುಕೊಂಡು ಹೋದರು. ಟೀಚರ್ ಮಡಿಲಲ್ಲಿ ಒಂದು ಸಿಡಿ ಇಟ್ಟುಕೊಂಡಿದ್ದರು. ಹಿಂದೆಂದೋ ಆ ಕಾಲೇಜು ಮೇಷ್ಟ್ರು ಪ್ರತಿ ತೆಗೆದು ಕೊಟ್ಟದ್ದಂತೆ. ನಾನು ಆಗಲೇ ನೋಡಿದ್ದೆ, ನಮ್ಮ ಕಡೆಯ ತೇವಕ್ಕೆ ಅದರ ಬೆನ್ನಿಗೆಲ್ಲ ಬೂಸ್ಟು ಹತ್ತಿ ಚುಕ್ಕೆ ಚುಕ್ಕೆಯಾಗಿತ್ತು. ಯಾವ ಕಂಪ್ಯೂಟರೂ ಅದನ್ನು ಓದಲಿಲ್ಲ. ಆದರೂ ಅವರು ಅದನ್ನು ಬಿಟ್ಟು ಬಂದಿರಲಿಲ್ಲ.

ಶಾಲೆಯಲ್ಲಿ ಮುಖ್ಯೋಪಾಧ್ಯಾಯರು ಕುರ್ಚಿ ಹಾಕಿಸಿ, ಚಾ ತರಿಸಿ, ಸಂಭ್ರಮದಿಂದಲೇ ಬರಮಾಡಿಕೊಂಡರು. ದಾನಿಗಳು ನೋಡಲು ಬಂದಿದ್ದಾರೆ ಎಂದು ಅವರು ತಿಳಿದಿದ್ದರು. ಕಂಪ್ಯೂಟರ್ ನಿಧಾನ ಇದ್ದದ್ದಕ್ಕೆ ಹಳೆಯ ಹಾರ್ಡ್ ಡಿಸ್ಕ್ ತೆಗೆಸಿ ಹೊಸದು ಹಾಕಿಸಿದ್ದೇವೆ, ಈಗ ಮಕ್ಕಳಿಗೆ ಬಹಳ ಉಪಯೋಗ ಆಗ್ತಾ ಉಂಟು ಎಂದರು. ಹಳೆಯದು ಎಲ್ಲಿ ಎಂದು ಕೇಳಿದೆ. ರಿಪೇರಿಯವರು ಗುಜರಿಗೆ ಹಾಕಿರಬಹುದು ಎಂದರು. ರಿಪೇರಿ ಅಂಗಡಿ ಕಡಬ ಪೇಟೆಯಲ್ಲೇ ಇತ್ತು. ಅಲ್ಲಿಗೂ ಹೋದೆವು. ಮಾಲಕ ಗೋಣಿ ಸುರಿದು ಹುಡುಕಿದ. ಅವನಿಗೆ ಅದು ಯಾವುದೆಂದು ನೆನಪಿರಲಿಲ್ಲ. ನಾನು ಇದ್ದ ನಾಲ್ಕಾರು ಡಿಸ್ಕುಗಳನ್ನು ಅಲ್ಲೇ ಜೋಡಿಸಿ ನೋಡಿದೆ. ಅವು ಬೇರೆ ಯಾರದ್ದೋ.

ಹಿಂತಿರುಗುವಾಗ ಟೀಚರ್ ಒಂದೇ ಮಾತು ಆಡಿದರು. “ಎಲ್ಲರದ್ದೂ ಗಂಡನನ್ನು ಹೊಗಳಿದ್ದು ಮಾತ್ರ ಉಳಿಯಿತು.” ಅಧ್ಯಕ್ಷರು ಕಾರು ನಿಲ್ಲಿಸಿ ರಸ್ತೆ ಬದಿಗೆ ಹೋಗಿ ನಿಂತರು. ಅವರು ಮರಳಿ ಬರುವ ತನಕ ನಾವಿಬ್ಬರೂ ಒಳಗೆ ಕೂತಿದ್ದೆವು.

ಮುಂದಿನ ವಾರ ಆ ಹುಡುಗಿ ನನ್ನ ಕಚೇರಿಗೆ ಬಂದಳು. ಕಾಲೇಜು ಬಿಟ್ಟು ನೇರ ಬಂದಿದ್ದಳು, ಹೆಗಲಲ್ಲಿ ಬ್ಯಾಗಿತ್ತು. ಮಡಚಿದ ಕಾಗದವನ್ನು ಮೇಜಿನ ಮೇಲೆ ಇಟ್ಟಳು. ಇನ್ನೂ ಇತ್ತು, ಕಂಪ್ಯೂಟರಿನಲ್ಲಿ ಹೋಯಿತು ಎಂದು ಟೀಚರ್ ಹೇಳುತ್ತಾರೆ, ಅಮ್ಮನೂ ಅದನ್ನೇ ಹೇಳುತ್ತಾಳೆ. ಏನಿತ್ತು ಎಂದರೆ ಅಮ್ಮ ಬಾಯಿ ಬಿಡುವುದಿಲ್ಲ. ಇವರಿಬ್ಬರೂ ಸೇರಿ ನನ್ನನ್ನು ಹೋಗದ ಹಾಗೆ ಮಾಡಲು ಹೀಗೆ ಹೇಳುತ್ತಿದ್ದಾರಾ ಎಂದು ತಿಳಿಯಬೇಕು ಎಂದಳು. ಅವಳ ಮಾತಿನಲ್ಲಿ ಉದ್ಧಟತನ ಇರಲಿಲ್ಲ. ಅತ್ತು ಮುಗಿಸಿ ಬಂದವರ ಮುಖ ಅದು.

ಕಾಗದವನ್ನು ನಾನು ಓದಲಿಲ್ಲ. ಆದರೆ ಕೊನೆಯ ಸಾಲಿಗೆ ಅವಳು ಬೆರಳಿಟ್ಟು ತೋರಿಸಿದಳು. ‘ಅವರು ಬಂದು ಕರೆದರೆ ನಾನು ಆ ಮನೆಗೆ ಹೋಗು’ ಎಂದು ಇತ್ತು. ಅದರ ಮುಂದೆ ಅಕ್ಷರ ಒಡೆದು ಒಂದು ಸಣ್ಣ ಚೌಕ.

“ಹೋಗುತ್ತೇನೆ ಅಂತಲೇ ಅಲ್ವಾ ಅಕ್ಕ ಇದು?”

ಹೋಗುವುದಿಲ್ಲ ಎಂದೂ ಇರಬಹುದು ಎಂದೆ. ಹೋಗುವುದು ಹೇಗೆ ಎಂದೂ ಇರಬಹುದು. ನನಗೆ ಗೊತ್ತಿಲ್ಲ, ಗೊತ್ತಿರುವವರು ನಿನ್ನ ಅಮ್ಮ ಒಬ್ಬಳೇ.

ಕಾಗದದ ಮೇಲ್ಭಾಗದಲ್ಲಿ ದಾಖಲೆಯ ಸಂಖ್ಯೆ ಇತ್ತು. ಅಳತೆಯ ಪಟ್ಟಿ ನನ್ನಲ್ಲಿದೆ ಎಂದು ಹೇಳುವುದು ಸರಿಯೋ ತಪ್ಪೋ ತಿಳಿಯಲಿಲ್ಲ. ಟೀಚರಿಗೆ ಫೋನ್ ಮಾಡಿ ಕೇಳಿದೆ. ಅವಳ ತಾಯಿಯನ್ನು ಕೇಳಿ ಹೇಳುತ್ತೇನೆ ಎಂದರು. ನಾವು ಕಾದೆವು. ಹುಡುಗಿ ಕಿಟಕಿಯ ಬಳಿ ನಿಂತು ಕೆಳಗೆ ಹೋಗುವ ಬಸ್ಸುಗಳನ್ನು ನೋಡುತ್ತಿದ್ದಳು. ಟೀಚರ್ ಮರಳಿ ಫೋನ್ ಮಾಡಿ, ತೋರಿಸು, ಅಡ್ಡಿಯಿಲ್ಲವಂತೆ ಎಂದರು.

ಪಟ್ಟಿ ತೆರೆದು ಆ ಸಂಖ್ಯೆಯ ಎದುರಿನ ಉದ್ದವನ್ನು ತೋರಿಸಿದೆ. ಅವಳಿಗೆ ಅದು ಬರೀ ಅಂಕಿ. ನಾನು ಅಲ್ಲಿದ್ದ ಖಾಲಿ ಹಾಳೆಗಳ ಕಟ್ಟಿನಿಂದ ಒಂದು ಹಾಳೆ ತೆಗೆದು ಅವಳ ಕಾಗದದ ಪಕ್ಕದಲ್ಲಿಟ್ಟೆ, ನೀನು ಓದಿದ್ದು ಇಷ್ಟು ಎಂದೆ. ಮತ್ತೆ ಅಮ್ಮ ಹೇಳಿದ್ದು ಎಷ್ಟಾಗಬಹುದು ಎಂದು ಎಣಿಸಿ ಹಾಳೆಗಳನ್ನು ತೆಗೆದು ಅವಳ ಎದುರಿಗಿಟ್ಟೆ. ಅವಳು ಆ ಹಾಳೆಗಳ ಮೇಲೆ ಕೈಯಿಟ್ಟಳು. ಬೆರಳಿನಿಂದ ಅವುಗಳ ಅಂಚನ್ನು ಒತ್ತಿ ನೋಡಿದಳು.

“ಇಷ್ಟು ಹೇಳಿದ್ಲಾ ಅಮ್ಮ?” ಎಂದಳು. “ಮನೆಯಲ್ಲಿ ಅವಳು ಮಾತೇ ಆಡುದಿಲ್ಲ.”

ನಾನು ನೀರು ಕೊಟ್ಟೆ. ಕುಡಿದಳು. ಹಾಗಾದರೆ ಐವರ್ನಾಡಿಗೆ ಹೋಗುವುದಿಲ್ಲವೇ ಎಂದು ನಾನು ಕೇಳಲಿಲ್ಲ. ಅವಳೇ ಹೇಳಿದಳು, ಹೋಗುತ್ತೇನೆ ಎಂದು. ಅಪ್ಪನ ಹತ್ತಿರ ಇದ್ದು ನೋಡದೆ ತನಗೆ ಗೊತ್ತಾಗುವುದಿಲ್ಲ ಎಂದಳು. ತಡೆಯಲು ನಾನು ಅವಳ ಯಾರೂ ಅಲ್ಲ. ಏನಾದರೂ ಅನಿಸಿದರೆ ಫೋನ್ ಮಾಡು ಎಂದು ನಂಬರ್ ಕೊಟ್ಟೆ. ರಜೆ ಸಿಕ್ಕಿದ ಕೂಡಲೇ ಅವಳು ಅಲ್ಲಿಗೆ ಹೋದಳೆಂದು ಟೀಚರಿನಿಂದ ತಿಳಿಯಿತು.

ಹೇಳಿಕೆ ಕಡಿದುಹೋದ ಎಲ್ಲರನ್ನೂ ಟೀಚರ್ ಹುಡುಕಲು ಹೊರಟಿದ್ದರು. ಫೋನ್ ನಂಬರ್ ಬದಲಾದವರು, ಊರು ಬಿಟ್ಟವರು, ತೀರಿಹೋದವರು. ಸಿಕ್ಕಿದವರಿಗೆ ನಡೆದದ್ದನ್ನು ಮುಚ್ಚಿಡದೆ ಹೇಳಿದರು. ಕೆಲವರು ಬಂದು ಮತ್ತೆ ಹೇಳುತ್ತೇವೆ ಎಂದರು. ಹೆಚ್ಚಿನವರು ಬೇಡ ಎಂದರು. ಕುಂಬ್ರದ ಕಡೆಯ ಒಬ್ಬಳು, ಹೋದದ್ದು ಒಳ್ಳೆಯದೇ ಆಯಿತು ಟೀಚರ್, ಅದು ಎಲ್ಲಿಯೋ ಉಂಟು ಎಂದೇ ನನಗೆ ಹೆದರಿಕೆಯಿತ್ತು ಎಂದಳಂತೆ. ಅದನ್ನು ನನಗೆ ಹೇಳುವಾಗ ಟೀಚರಿಗೆ ನಗು ಬಂತು, ಮತ್ತೆ ಅದು ನಗುವಾಗಿ ಉಳಿಯಲಿಲ್ಲ.

ಕಾಲಂ ಸರಿಪಡಿಸಲು ನಾನು ಸುಳ್ಯಕ್ಕೆ ಹೋದದ್ದು ಮಳೆಗಾಲ ಹಿಡಿಯುವ ಮೊದಲು. ಅಧ್ಯಕ್ಷರು ಈಗ ಎಲ್ಲವನ್ನೂ ನನಗೇ ಬಿಟ್ಟಿದ್ದರು. ಬಗೆ ಬದಲಿಸುವ ಕೆಲಸ ಎಷ್ಟು ಹೊತ್ತಿನದ್ದೂ ಅಲ್ಲ. ದೀರ್ಘ ಬರಹಕ್ಕೆ ತಿರುಗಿಸಿದೆ, ಮಿತಿ ಮೀರಿದ್ದನ್ನು ಸದ್ದಿಲ್ಲದೆ ಕಡಿಯುವ ಆ ಸಡಿಲಿಕೆಯನ್ನು ತೆಗೆದೆ, ಪಟ್ಟಿ ತೆರೆಯುವಾಗ ಹೇಳಿಕೆಯನ್ನು ಎಳೆದು ತರದ ಹಾಗೆ ಮಾಡಿದೆ. ನಿಧಾನ ಎಂಬ ದೂರಿಗೆ ಅಷ್ಟೇ ಸಾಕಿತ್ತು. ಟೀಚರಿನ ಹಪ್ಪಳದ ಕ್ರಮವನ್ನೇ ಮತ್ತೆ ಮತ್ತೆ ಅಂಟಿಸಿ ಪುಸ್ತಕದಷ್ಟು ಮಾಡಿ ತುಂಬಿಸಿ ನೋಡಿದೆ. ಪೂರ್ತಿ ಕೂತಿತು.

ಆ ಮಧ್ಯಾಹ್ನವೇ ಮಂಡೆಕೋಲಿನ ಆ ತಾಯಿ ಬಂದಳು. ಟೀಚರ್ ಕರೆದಿರಲಿಲ್ಲ. ಸಪೂರದ ಹೆಂಗಸು, ರವಿಕೆಯ ಅಂಚಿಗೆ ಚುಚ್ಚಿದ ಸೂಜಿ ಹಾಗೇ ಇತ್ತು. ಅಂಗಡಿಯಿಂದ ಎದ್ದು ಬಂದಂತಿತ್ತು. ಮಗಳು ಬಂದರೆ ಕೊಡಲಿಕ್ಕೆ ಬೇಕು, ಇನ್ನೊಮ್ಮೆ ಬರೆದುಕೊಳ್ಳಿ ಎಂದಳು. ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಜಗಲಿಯ ಬೆಂಚಿನಲ್ಲಿ ಕೂತೆ. ಒಳಗಿನಿಂದ ಕೀಲಿಮಣೆಯ ಸದ್ದು ಸ್ವಲ್ಪ ಕೇಳಿಸಿತು, ನಿಂತಿತು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಮತ್ತೆ ಸ್ವಲ್ಪ. ಕೊನೆಗೆ ಟೀಚರ್ ಬಾಗಿಲು ತೆರೆದು, ಪೂರ್ತಿ ಬಿದ್ದಿದೆಯಾ ಎಂದು ಒಮ್ಮೆ ನೋಡು ಎಂದರು.

ನಾನು ಉದ್ದ ಮಾತ್ರ ನೋಡಿದೆ. ಆರೇಳು ಸಾಲು ಆಗುವಷ್ಟು ಇತ್ತು. ನಾನು ಟೀಚರಿನ ಮುಖ ನೋಡಿದೆ. ಅವರು ತಲೆಯಾಡಿಸಿದರು.

“ಅಷ್ಟೇ ಹೇಳಿದ್ದು,” ಎಂದರು ಮೆಲ್ಲಗೆ. “ಅಂದು ಹೇಳುವಾಗ ಅವಳಿಗೆ ಇಪ್ಪತ್ತೈದು ಪ್ರಾಯ. ಮೈಯಲ್ಲಿ ಗಾಯ ಇತ್ತು.”

ಸಂಜೆ ಪುತ್ತೂರಿನ ಬಸ್ಸಿನಲ್ಲಿ ಆಕೆ ನನ್ನ ಪಕ್ಕದಲ್ಲೇ ಕೂತಳು. ನಾನು ಮರ್ಕಂಜದವಳೆಂದು ಗೊತ್ತಾದ ಮೇಲೆ ಮಾತು ಅರೆಭಾಷೆಗೆ ತಿರುಗಿತು. ನನ್ನ ತವರಿನ ಹತ್ತಿರದ ಒಂದು ಮನೆ ಅವಳಿಗೆ ಗೊತ್ತಿತ್ತು. ಶಾಲೆಯ ಯೂನಿಫಾರಂ ಹೊಲಿಯುವ ಸಮಯ, ಕೈ ತುಂಬ ಕೆಲಸ ಎಂದಳು. ಹೇಳಿಕೆಯ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಜಾಲ್ಸೂರು ಹತ್ತಿರವಾದಾಗ ಕೈಚೀಲ ಎತ್ತಿಕೊಂಡು, ಮಗಳು ನಿಮ್ಮಲ್ಲಿಗೆ ಬಂದದ್ದು ಹೌದಲ್ಲ ಎಂದು ಕೇಳಿದಳು. ಹೌದೆಂದೆ. ಎಂತ ಕೇಳಿದಳು ಎಂದಳು. ಇನ್ನೂ ಇದ್ದದ್ದು ನಿಜವಾ ಎಂದು ಕೇಳಿದಳು, ಎಷ್ಟು ಉದ್ದ ಇತ್ತೆಂದು ತೋರಿಸಿದೆ ಎಂದೆ.

ಅವಳು ಏಳಲೆಂದು ಎದುರಿನ ಸೀಟಿನ ಕಂಬಿ ಹಿಡಿದಳು. ನಿನ್ನೆ ಮಗಳು ಐವರ್ನಾಡಿನಿಂದ ಫೋನ್ ಮಾಡಿದ್ದಳು ಎಂದಳು. ಬರುತ್ತೇನೆ ಎಂದೇನೂ ಹೇಳಲಿಲ್ಲ, ಅಲ್ಲಿ ಹೇಗೆ ಎಂದೂ ಹೇಳಲಿಲ್ಲ. ಊಟ ಮಾಡಿದ್ದೀಯಾ ಎಂದು ಕೇಳಿದಳಂತೆ. ಅದನ್ನು ಅವಳು ಈ ಹಿಂದೆ ಕೇಳಿದ್ದಿಲ್ಲವಂತೆ.

ಬಸ್ಸು ನಿಂತಿತು. ಅವಳು ಇಳಿದು, ಮಂಡೆಕೋಲಿಗೆ ಹೋಗುವ ಜೀಪು ಹೊರಟಿದೆಯೇ ಎಂದು ನೋಡುತ್ತಾ ರಸ್ತೆ ದಾಟಿದಳು.